ಶಾಲಾ ಬಸ್ ಮನೆ

ಶಾಲಾ ಬಸ್ ಮನೆ ಎಂದರೆ ಮಕ್ಕಳನ್ನು ಶಾಲೆಗೆ ಒಯ್ಯುವ ಕೆಲಸದಿಂದ ನಿವೃತ್ತವಾದ ಬಸ್ಸಿನ ಆಸನಗಳನ್ನು ತೆಗೆದು, ಮಲಗಲು, ಅಡುಗೆಗೆ, ಸ್ನಾನ–ಶೌಚಕ್ಕೆ ಬೇಕಾದ ಏರ್ಪಾಡು ಮಾಡಿ, ವರ್ಷವಿಡೀ ವಾಸಿಸಲು ತಕ್ಕಂತೆ ಮಾರ್ಪಡಿಸಿದ ವಾಹನ. ಮನೆಯಾದ ಮೇಲೂ ಅದು ತನ್ನ ಎಂಜಿನ್ನಿನಿಂದಲೇ ಓಡುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ ಈ ಬಗೆಯ ವಾಸ ಹೆಚ್ಚು ಬಳಕೆಯಲ್ಲಿದೆ. ಮಕ್ಕಳ ರಕ್ಷಣೆಗೆಂದು ಕಟ್ಟಿದ ಉಕ್ಕಿನ ಗೂಡು ಇದಾದ್ದರಿಂದ ಬೇರೆ ಯಾವ ವಾಸದ ವಾಹನಕ್ಕೂ ಸುಲಭವಾಗಿ ಸಿಗದ ಗಟ್ಟಿತನ ಇದಕ್ಕಿದೆ. ಆದರೆ ಆ ಗೂಡನ್ನು ಕಟ್ಟಿದವರು ಅದರಲ್ಲಿ ಯಾರಾದರೂ ರಾತ್ರಿ ಕಳೆಯುತ್ತಾರೆಂದು ಎಣಿಸಿರಲಿಲ್ಲ. ಪರಿವರ್ತನೆಯ ಬಹುಪಾಲು ದುಡಿಮೆ ಹುಟ್ಟುವುದು ಈ ಕಾರಣದಿಂದ.

ಹೆಸರು ಮತ್ತು ವ್ಯಾಪ್ತಿ

ಅಮೆರಿಕದ ಆಡುಮಾತಿನಲ್ಲಿ ಇದಕ್ಕೆ ‘ಸ್ಕೂಲೀ’ ಎಂದು ಹೆಸರು. ಕಾರ್ಖಾನೆಯಲ್ಲೇ ವಾಸಕ್ಕೆಂದು ತಯಾರಾಗುವ ಮೋಟಾರ್ ಹೋಮ್, ಬೇರೆ ವಾಹನದ ಹಿಂದೆ ಕಟ್ಟಿ ಎಳೆಯುವ ಟ್ರೇಲರ್, ಸರಕು ವ್ಯಾನನ್ನು ಮಾರ್ಪಡಿಸಿದ ಕ್ಯಾಂಪರ್ ವ್ಯಾನ್ ಇವು ಈ ವರ್ಗಕ್ಕೆ ಸೇರವು. ನಗರ ಸಾರಿಗೆಯ ಬಸ್ಸನ್ನೂ ದೂರಪ್ರಯಾಣದ ಕೋಚನ್ನೂ ಮನೆಯಾಗಿ ಮಾರ್ಪಡಿಸುವುದುಂಟು. ಅವುಗಳ ರಚನೆ ಬೇರೆಯಾದ್ದರಿಂದ ಇಲ್ಲಿ ವಿವರಿಸಿಲ್ಲ. ಈ ಲೇಖನದಲ್ಲಿ ‘ಬಸ್‌ಮನೆ’ ಎಂದಾಗಲೆಲ್ಲ ಶಾಲಾ ಬಸ್ಸಿನಿಂದ ಆದದ್ದು ಎಂದೇ ಅರ್ಥ. ಒಂದು ಬದಿಯ ನೆಲದಿಂದ ಎದ್ದು ಛಾವಣಿಯ ಮೇಲೆ ಬಾಗಿ ಇನ್ನೊಂದು ಬದಿಗೆ ಇಳಿಯುವ ಉಕ್ಕಿನ ಬಿಲ್ಲಿಗೆ ‘ಪಕ್ಕೆಲುಬು’ ಎಂದು ಹೇಳಿದೆ.

ಹಿನ್ನೆಲೆ

1939ರ ಏಪ್ರಿಲ್‌ನಲ್ಲಿ ಗ್ರಾಮೀಣ ಶಿಕ್ಷಣದ ಪ್ರಾಧ್ಯಾಪಕ ಫ್ರ್ಯಾಂಕ್ ಸೈರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಒಂದು ಸಮ್ಮೇಳನ ಕರೆದರು. ಶಿಕ್ಷಣಾಧಿಕಾರಿಗಳು, ಬಸ್ ತಯಾರಕರು ಮತ್ತು ಬಣ್ಣದ ಪರಿಣತರು ಸೇರಿ ಶಾಲಾ ಬಸ್ಸಿಗೆ 44 ಮಾನದಂಡಗಳನ್ನು ಗೊತ್ತುಮಾಡಿದರು. ಮೈಯ ಉದ್ದ, ಛಾವಣಿಯ ಎತ್ತರ, ನಡುದಾರಿಯ ಅಗಲ ಇವುಗಳ ಜೊತೆಗೆ ಬಣ್ಣವೂ ಅಲ್ಲೇ ತೀರ್ಮಾನವಾಯಿತು. ನಸುಕಿನ ಮಬ್ಬು ಬೆಳಕಿನಲ್ಲೂ ಕಪ್ಪು ಅಕ್ಷರಗಳು ಎದ್ದು ಕಾಣುತ್ತವೆಂಬುದು ಹಳದಿಯನ್ನು ಆರಿಸಲು ಕಾರಣ. ಅಲ್ಲಿಯವರೆಗೆ ಒಂದೊಂದು ಜಿಲ್ಲೆ ಒಂದೊಂದು ಬಗೆಯ ಬಂಡಿ ಓಡಿಸುತ್ತಿತ್ತು. ಆ ಬಳಿಕ ಒಂದೇ ಅಚ್ಚಿನ ಬಸ್ಸುಗಳು ದೇಶದ ಎಲ್ಲೆಡೆ ಕಾಣತೊಡಗಿದವು; ಅವು ಹಳತಾದಾಗ ಹರಾಜಿನಲ್ಲಿ ಅಗ್ಗಕ್ಕೆ ಸಿಗತೊಡಗಿದವು.

ಅದೇ 1939ರ ಮಾದರಿಯ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಒಂದು ಶಾಲಾ ಬಸ್ಸು ಈ ಪರಂಪರೆಯಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಕಾದಂಬರಿಕಾರ ಕೆನ್ ಕೆಸಿ 1964ರಲ್ಲಿ ಅದನ್ನು ಕೊಂಡು, ಮೈತುಂಬ ಬಣ್ಣ ಬಳಿಸಿ, ‘ಫರ್ದರ್’ ಎಂದು ಹೆಸರಿಟ್ಟು, ಗೆಳೆಯರ ತಂಡದೊಂದಿಗೆ ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿನ ವಿಶ್ವ ಮೇಳಕ್ಕೆ ಪ್ರಯಾಣ ಮಾಡಿದರು. ಬಂಕ್ ಹಾಸಿಗೆ ಮತ್ತು ಅಡುಗೆಯ ಕಟ್ಟೆಯನ್ನು ಮಾತ್ರ ಹಿಂದಿನ ಮಾಲೀಕರೇ ತಮ್ಮ ಸಂಸಾರಕ್ಕಾಗಿ ಮೊದಲೇ ಕೂಡಿಸಿದ್ದರು. ಹಿಪ್ಪಿ ಕಾಲಕ್ಕೆ ಮುಂಚೆಯೇ ಸಾಮಾನ್ಯ ಕುಟುಂಬಗಳು ಶಾಲಾ ಬಸ್ಸನ್ನು ಮನೆಯಂತೆ ಬಳಸುತ್ತಿದ್ದವೆಂಬುದಕ್ಕೆ ಇದು ಸಾಕ್ಷಿ. 1968ರಲ್ಲಿ ಲೇಖಕ ಟಾಮ್ ವುಲ್ಫ್ ಈ ಪ್ರಯಾಣವನ್ನು ಕುರಿತು ಬರೆದ ಪುಸ್ತಕದಿಂದ ಬಣ್ಣದ ಬಸ್ಸು ಹಿಪ್ಪಿ ಪೀಳಿಗೆಯ ಗುರುತಾಯಿತು.

ವಾಸದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದದ್ದು ಹಿಪ್ಪಿ ನಾಯಕ ಸ್ಟೀಫನ್ ಗ್ಯಾಸ್ಕಿನ್ ಅವರ ಬಳಗದ ಉದಾಹರಣೆ. ಸ್ಯಾನ್‌ಫ್ರಾನ್ಸಿಸ್ಕೋದಿಂದ 1970ರಲ್ಲಿ ಹೊರಟ ಅವರ ವಾಹನಗಳ ಸಾಲಿನಲ್ಲಿ ಬಹುತೇಕ ಹಳೆಯ ಶಾಲಾ ಬಸ್ಸುಗಳೇ ಇದ್ದವು. 1971ರಲ್ಲಿ ಅವರು ಟೆನೆಸೀ ರಾಜ್ಯದ ಸಮ್ಮರ್‌ಟೌನ್ ಬಳಿ ಜಮೀನು ಕೊಂಡು ‘ದ ಫಾರ್ಮ್’ ಎಂಬ ನೆಲೆ ಕಟ್ಟಿದರು. ಮನೆಗಳು ಏಳುವವರೆಗೆ ಅಲ್ಲಿನ ಸಂಸಾರಗಳು ಬಸ್ಸು ಮತ್ತು ಸೈನ್ಯದ ಹಳೆಯ ಡೇರೆಗಳಲ್ಲಿಯೇ ಬಾಳಿದವು.

ಬ್ರಿಟನ್ನಿನಲ್ಲಿ 1970ರ ದಶಕದಿಂದ ‘ಹೊಸ ಯುಗದ ಅಲೆಮಾರಿಗಳು’ ಎನಿಸಿಕೊಂಡವರು ಹಳೆಯ ಬಸ್ಸು, ಲಾರಿಗಳಲ್ಲಿ ಸಂಸಾರ ಹೂಡಿದರು. 1985ರ ಜೂನ್ 1ರಂದು ಸ್ಟೋನ್‌ಹೆಂಜ್ ಕಡೆಗೆ ಹೊರಟಿದ್ದ ಅವರ ಸಾಲನ್ನು ಪೊಲೀಸರು ವಿಲ್ಟ್‌ಶೈರಿನಲ್ಲಿ ತಡೆದು, ವಾಹನಗಳ ಗಾಜು ಒಡೆದು, 500ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ವಾಹನವೇ ಮನೆಯಾಗಿದ್ದವರಿಗೆ ಆ ದಿನ ಎರಡೂ ಒಟ್ಟಿಗೆ ಹೋದವು. ನ್ಯೂಜಿಲೆಂಡಿನಲ್ಲೂ ಹಳೆಯ ಬಸ್ಸುಗಳನ್ನು ಮನೆಯಾಗಿಸುವ ರೂಢಿ ಬಹಳ ಕಾಲದಿಂದಿದೆ.

ಶಾಲಾ ಬಸ್ಸಿನ ರಚನೆ

ಈ ಬಸ್ಸು ಎರಡು ಭಾಗಗಳಿಂದ ಆದದ್ದು. ಕೆಳಗಿನದು ಲಾರಿಯ ಚಾಸಿ. ಮೇಲಿನದು ಬಸ್ ತಯಾರಕರು ಅದರ ಮೇಲೆ ಕೂರಿಸಿದ ಉಕ್ಕಿನ ಮೈ. ಬ್ಲೂ ಬರ್ಡ್, ಥಾಮಸ್ ಬಿಲ್ಟ್, ಐಸಿ ಬಸ್ ಇಂದಿನ ಮುಖ್ಯ ತಯಾರಕರು. ಈಗ ಮುಚ್ಚಿಹೋಗಿರುವ ವೇಯ್ನ್, ಕಾರ್ಪೆಂಟರ್ ಕಂಪನಿಗಳ ಬಸ್ಸುಗಳೂ ಬಸ್‌ಮನೆಗಳಾಗಿ ಉಳಿದಿವೆ.

1977ರ ಏಪ್ರಿಲ್ 1ರಂದು ಜಾರಿಗೆ ಬಂದ ಅಮೆರಿಕದ ಕೇಂದ್ರ ಸುರಕ್ಷತಾ ನಿಯಮಗಳು ಈ ಮೈಗೆ ಇಂದಿನ ಬಲ ಕೊಟ್ಟವು. ನಿಯಮ 220ರ ಪ್ರಕಾರ, ಖಾಲಿ ಬಸ್ಸಿನ ತೂಕದ ಒಂದೂವರೆ ಪಟ್ಟು ಭಾರವನ್ನು ಛಾವಣಿಯ ಮೇಲೆ ಹೇರಿದರೂ ಅದು ಸುಮಾರು 13 ಸೆಂ.ಮೀ.ಗಿಂತ ಹೆಚ್ಚು ತಗ್ಗಬಾರದು, ತುರ್ತು ಬಾಗಿಲುಗಳು ತೆರೆಯುವಂತಿರಬೇಕು. ನಿಯಮ 221 ತಗಡುಗಳ ಜೋಡಣೆ ಎಷ್ಟು ಬಲವಾಗಿರಬೇಕೆಂದು ಹೇಳುತ್ತದೆ. ಸಾಲು ಸಾಲು ರಿವೆಟ್ಟುಗಳು ಕಾಣುವುದು ಈ ನಿಯಮದಿಂದಾಗಿ. ಹೊರಮೈಯ ಉದ್ದಕ್ಕೂ ಓಡುವ ಕಪ್ಪು ಪಟ್ಟಿಗಳು ಅಲಂಕಾರಕ್ಕೆ ಇರುವವಲ್ಲ, ಪಕ್ಕದಿಂದ ಬೇರೆ ವಾಹನ ಗುದ್ದಿದಾಗ ಒಳಗಿನವರನ್ನು ಕಾಯುವ ಉಕ್ಕಿನ ಅಡ್ಡಪಟ್ಟಿಗಳು.

72 ಮಕ್ಕಳ ಬಸ್ಸನ್ನು ತಯಾರಿಸುವಾಗ ಒಬ್ಬೊಬ್ಬರಿಗೆ ಕನಿಷ್ಠ 54 ಕೆ.ಜಿ. ಲೆಕ್ಕ ಹಿಡಿಯುತ್ತಾರೆ. ಅಂದರೆ ಸುಮಾರು 3,900 ಕೆ.ಜಿ. ಹೊರಲು ಅದರ ಅಚ್ಚು ಮತ್ತು ಸ್ಪ್ರಿಂಗುಗಳು ಸಿದ್ಧವಾಗಿರುತ್ತವೆ. ಮರದ ಕಪಾಟು, ನೀರಿನ ಟ್ಯಾಂಕು, ಬ್ಯಾಟರಿ ಎಲ್ಲ ಸೇರಿದರೂ ಸಾಮಾನ್ಯವಾಗಿ ಈ ಮಿತಿ ದಾಟುವುದಿಲ್ಲ. ತೂಕವೆಲ್ಲ ಒಂದೇ ಬದಿಗೆ ಬೀಳದಂತೆ ಹಂಚುವುದು ಮಾತ್ರ ಕಟ್ಟುವವರು ಲೆಕ್ಕಹಾಕಲೇಬೇಕಾದ ವಿಷಯ.

ಬಗೆಗಳು

ಅಮೆರಿಕದಲ್ಲಿ ಶಾಲಾ ಬಸ್ಸುಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಾರೆ. ಎ ವರ್ಗದ್ದು ವ್ಯಾನಿನ ಮುಂಭಾಗವಿರುವ ಚಿಕ್ಕ ಬಸ್ಸು. ಒಬ್ಬಿಬ್ಬರ ವಾಸಕ್ಕೆ, ಊರೊಳಗೆ ನಿಲ್ಲಿಸಲು ಅನುಕೂಲ. ಬಿ ವರ್ಗ ವಿರಳ. ಲಾರಿಯಂತೆ ಮೂತಿ ಮುಂದೆ ಚಾಚಿರುವುದು ಸಿ ವರ್ಗ. ಶಾಲಾ ಬಸ್ಸು ಎಂದೊಡನೆ ಕಣ್ಣಿಗೆ ಕಟ್ಟುವುದು ಇದೇ. ಎಂಜಿನ್ ಹೊರಗಿರುವುದರಿಂದ ದುರಸ್ತಿ ಸುಲಭ. ಡಿ ವರ್ಗದ ಬಸ್ಸಿನ ಮೂತಿ ಚಪ್ಪಟೆ. ಎಂಜಿನ್ ಚಾಲಕನ ಪಕ್ಕದಲ್ಲಿ ಇಲ್ಲವೇ ತೀರಾ ಹಿಂದೆ ಇರುತ್ತದೆ. 40 ಅಡಿಯವರೆಗಿನ ಈ ಬಸ್ಸಿನಲ್ಲಿ ಒಳಜಾಗ ಹೆಚ್ಚು, ತಿರುವು ಚಿಕ್ಕದು. ಎಂಜಿನ್ ಹಿಂದಿದ್ದರೆ ಓಡುವಾಗ ಮುಂಭಾಗದಲ್ಲಿ ಸದ್ದು ಕಡಿಮೆ, ಆದರೆ ಹಿಂಬದಿಯ ಬಾಗಿಲು ಇರುವುದಿಲ್ಲ.

ಒಳಗಿನ ಅಗಲ ಬಹುತೇಕ ಬಸ್ಸುಗಳಲ್ಲಿ ಏಳೂವರೆ ಅಡಿಯ ಆಸುಪಾಸು. ದೊಡ್ಡ ಬಸ್ಸಿನಲ್ಲಿ ಚಾಲಕನ ಹಿಂದೆ 30 ಅಡಿ ಉಳಿದರೆ ಸಿಗುವ ನೆಲ 225 ಚದರ ಅಡಿ. ಛಾವಣಿಯ ನಡುಭಾಗದ ಎತ್ತರ ಆರರಿಂದ ಆರೂವರೆ ಅಡಿ.

ಎಂಜಿನ್ ಮತ್ತು ಗೇರ್‌ಬಾಕ್ಸ್

ಮನೆ ಕಟ್ಟಲು ಬಸ್ಸು ಆರಿಸುವವರು ಮೈಗಿಂತ ಮೊದಲು ಎಂಜಿನ್ ನೋಡುತ್ತಾರೆ. ಕಮಿನ್ಸ್ 5.9 ಲೀಟರ್ ಎಂಜಿನ್, ಅದರಲ್ಲೂ ಎಲೆಕ್ಟ್ರಾನಿಕ್ ನಿಯಂತ್ರಣವಿಲ್ಲದ 12 ವಾಲ್ವಿನ ಹಳೆಯ ಮಾದರಿ, ಮತ್ತು ಇಂಟರ್‌ನ್ಯಾಷನಲ್ ಕಂಪನಿಯ ಡಿಟಿ 466 ಇವೆರಡಕ್ಕೆ ಬೇಡಿಕೆ ಹೆಚ್ಚು. ಡಿಟಿ 466ರ ಸಿಲಿಂಡರ್ ಲೈನರುಗಳನ್ನು ಎಂಜಿನ್ ಕೆಳಗಿಳಿಸದೆಯೇ ಬದಲಿಸಬಹುದು. ಗೇರ್‌ಬಾಕ್ಸ್ ಬಹುತೇಕ ಆಲಿಸನ್ ಕಂಪನಿಯ ಆಟೋಮ್ಯಾಟಿಕ್. ಅದರ ಎಟಿ 545 ಮಾದರಿಯಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಲಾಕಪ್ ಇಲ್ಲದ ಕಾರಣ ದೀರ್ಘ ಏರು ಹತ್ತುವಾಗ ಎಣ್ಣೆ ಬಿಸಿಯಾಗುತ್ತದೆ. ಬೆಟ್ಟದ ಸೀಮೆಗೆ ಅದು ಒಗ್ಗದು. 2007ರ ಬಳಿಕದ ಡೀಸೆಲ್ ಬಸ್ಸುಗಳಲ್ಲಿ ಹೊಗೆ ಸೋಸುವ ಫಿಲ್ಟರ್ ಸೇರಿಕೊಂಡಿತು. ಅದರ ದುರಸ್ತಿ ದುಬಾರಿ, ಹಾಗಾಗಿ ಅದಕ್ಕಿಂತ ಹಳೆಯದನ್ನೇ ಹುಡುಕುವವರು ಹಲವರು. ಇಂಧನದ ಲೆಕ್ಕದಲ್ಲಿ ಲೀಟರಿಗೆ ಮೂರೂವರೆಯಿಂದ ಐದು ಕಿ.ಮೀ. ಸಾಮಾನ್ಯ.

ಪರಿವರ್ತನೆ

ಬಿಚ್ಚುವ ಕೆಲಸ ಆಸನಗಳಿಂದ ಮೊದಲಾಗುತ್ತದೆ. ಪ್ರತಿ ಆಸನದ ಕಾಲನ್ನು ನೆಲದ ತಗಡಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ನಟ್ಟು ಬಸ್ಸಿನ ಅಡಿಯಲ್ಲಿರುತ್ತದೆ. ಒಬ್ಬರು ಒಳಗೆ ಬೋಲ್ಟಿನ ತಲೆ ತಿರುಗಿಸುವಾಗ ಇನ್ನೊಬ್ಬರು ಚಾಸಿಯ ಕೆಳಗೆ ಮಲಗಿ ನಟ್ಟನ್ನು ಸ್ಪ್ಯಾನರಿನಿಂದ ಹಿಡಿದಿರಬೇಕು. ಹದಿನೈದು ವರ್ಷದ ಕೆಸರು, ತುಕ್ಕು ಕೂಡಿ ಅವು ಕಚ್ಚಿಕೊಂಡಿರುವುದರಿಂದ ಕೊನೆಗೆ ಬಹಳ ಜನ ಗ್ರೈಂಡರಿನಿಂದ ಕತ್ತರಿಸುತ್ತಾರೆ. ಆಸನ ಹೋದ ಮೇಲೆ ರಬ್ಬರ್ ಹಾಸು, ಅದರ ಕೆಳಗಿನ ಪ್ಲೈವುಡ್, ಕೊನೆಗೆ ಉಕ್ಕಿನ ತಗಡು.

ಬಸ್ಸಿನ ನಿಜವಾದ ವಯಸ್ಸು ಈ ತಗಡಿನಲ್ಲಿ ತಿಳಿಯುತ್ತದೆ. ಕಿಟಕಿಗಳ ಸಂದಿಯಿಂದ ಒಸರಿದ ಮಳೆನೀರು, ಮಕ್ಕಳ ಬೂಟಿನಿಂದ ಇಳಿದ ಹಿಮ ಪ್ಲೈವುಡ್ಡಿನ ಅಡಿ ಸೇರಿ ವರ್ಷಗಟ್ಟಲೆ ನಿಂತಿರುತ್ತದೆ. ಮೇಲಿನ ರಬ್ಬರ್ ಹಾಸು ಅದನ್ನು ಆರಗೊಡುವುದಿಲ್ಲ, ಕಾಣಗೊಡುವುದೂ ಇಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಉತ್ತರದ ರಾಜ್ಯಗಳ ಬಸ್ಸುಗಳಿಗೆ ಕೆಳಗಿನಿಂದಲೂ ತುಕ್ಕು ಹತ್ತುತ್ತದೆ. ಅರಿಜೋನಾದಂಥ ಒಣ ಸೀಮೆಯ ಬಸ್ಸಿಗೆ ಹೆಚ್ಚು ಬೆಲೆ ಬರುವುದು ಇದರಿಂದ. ತುಕ್ಕನ್ನು ಉಜ್ಜಿ ತೆಗೆದು, ಫಾಸ್ಫಾರಿಕ್ ಆಮ್ಲದ ದ್ರಾವಣ ಸವರಿ, ಅದರ ಮೇಲೆ ತುಕ್ಕುನಿರೋಧಕ ಬಣ್ಣ ಹೊಡೆಯುತ್ತಾರೆ. ತೂತು ಬಿದ್ದ ಕಡೆ ಹೊಸ ತಗಡು ವೆಲ್ಡ್ ಮಾಡಬೇಕು. ಆಸನದ ಬೋಲ್ಟುಗಳು ಬಿಟ್ಟ ನೂರಾರು ರಂಧ್ರಗಳನ್ನು ಮುಚ್ಚಲು ಅಮೆರಿಕದ ಒಂದು ಸೆಂಟ್ ನಾಣ್ಯ ಬಳಸುವ ರೂಢಿಯಿದೆ. ರಂಧ್ರದ ಸುತ್ತ ಸೀಲೆಂಟ್ ಹಚ್ಚಿ ಮೇಲೆ ನಾಣ್ಯ ಒತ್ತುತ್ತಾರೆ. 19 ಮಿ.ಮೀ. ಅಗಲದ ಆ ನಾಣ್ಯ ರಂಧ್ರಕ್ಕೆ ಸರಿಯಾಗಿ ಕೂರುತ್ತದೆ, ಅಂಗಡಿಯ ಬಿಲ್ಲೆಗಿಂತ ಅಗ್ಗವೂ ಹೌದು. ಎಷ್ಟೋ ಬಸ್‌ಮನೆಗಳ ನೆಲಹಾಸಿನ ಕೆಳಗೆ ಸಾಲಾಗಿ ನಾಣ್ಯಗಳಿವೆ.

ಆರಡಿ ಎತ್ತರದವರಿಗೆ ಛಾವಣಿ ತಲೆಗೆ ತಾಗುವುದರಿಂದ ಕೆಲವರು ಅದನ್ನು ಎತ್ತರಿಸುತ್ತಾರೆ. ಕಿಟಕಿಯ ಮಟ್ಟದಲ್ಲಿ ಎಲ್ಲ ಪಕ್ಕೆಲುಬುಗಳನ್ನು ಕತ್ತರಿಸಿ, ಜಾಕ್‌ಗಳಿಂದ ಛಾವಣಿಯನ್ನು ಒಂದರಿಂದ ಎರಡು ಅಡಿ ಮೇಲೆತ್ತಿ, ನಡುವೆ ಹೊಸ ಉಕ್ಕಿನ ತುಂಡುಗಳನ್ನು ವೆಲ್ಡ್ ಮಾಡುತ್ತಾರೆ. ಇಡೀ ಪರಿವರ್ತನೆಯಲ್ಲಿ ಅತ್ಯಂತ ಎಚ್ಚರ ಬೇಡುವ ಹಂತ ಇದು. ಬಸ್ಸು ಮಗುಚಿದರೆ ಭಾರ ಹೊರುವುದು ಆ ಪಕ್ಕೆಲುಬುಗಳು. ಬೆಸುಗೆ ದುರ್ಬಲವಾದರೆ ಬಸ್ಸಿನ ಮುಖ್ಯ ಗುಣವೇ ಹೋಗುತ್ತದೆ. ಎತ್ತರಿಸಿದ ಬಳಿಕ ಸೋಲಾರ್ ಫಲಕ, ಫ್ಯಾನು ಎಲ್ಲ ಸೇರಿ ಒಟ್ಟು ಎತ್ತರ ಹದಿಮೂರೂವರೆ ಅಡಿಯೊಳಗೆ ಇರಬೇಕು. ಹಲವು ರಾಜ್ಯಗಳ ಮಿತಿ ಅದೇ, ಹಳೆಯ ಸೇತುವೆಗಳಲ್ಲಿ ಇನ್ನೂ ಕಡಿಮೆ.

ಶಾಖನಿರೋಧ

ತೆಳು ತಗಡಿನ ಮೈ ಬಿಸಿಲಿನಲ್ಲಿ ಕಾಯುತ್ತದೆ, ಚಳಿಯಲ್ಲಿ ಕೊರೆಯುತ್ತದೆ. ಕಾರ್ಖಾನೆಯವರು ಛಾವಣಿಯಲ್ಲಿ ಹಾಕಿದ ತೆಳುವಾದ ಗಾಜಿನ ಉಣ್ಣೆ ರಾತ್ರಿಯ ವಾಸಕ್ಕೆ ಸಾಲದು. ಒಳಹೊದಿಕೆಯ ತಗಡು ಕಳಚಿ, ಪಕ್ಕೆಲುಬುಗಳ ನಡುವೆ ನೊರೆಯಂತೆ ಉಬ್ಬಿ ಗಟ್ಟಿಯಾಗುವ ಸ್ಪ್ರೇ ಫೋಮ್ ಸಿಂಪಡಿಸುವುದು ಇಂದು ಹೆಚ್ಚು ಮೆಚ್ಚುಗೆಯ ವಿಧಾನ. ಗಟ್ಟಿ ಫೋಮ್ ಹಲಗೆ, ಕುರಿಯ ಉಣ್ಣೆಯನ್ನೂ ಬಳಸುತ್ತಾರೆ.

ಫೋಮ್ ಹಾಕಿದರೂ ಪಕ್ಕೆಲುಬುಗಳು ಬರಿದಾಗಿ ಉಳಿದರೆ ಪ್ರಯೋಜನ ಅರ್ಧ. ಉಕ್ಕು ಫೋಮ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಸಾಗಿಸುತ್ತದೆ. ಉಸಿರಿನ ತೇವ, ಅನ್ನ ಬೇಯುವ ಹಬೆ, ಗ್ಯಾಸ್ ಉರಿದಾಗ ಹುಟ್ಟುವ ಆವಿ ಎಲ್ಲವೂ ತಣ್ಣಗಿನ ಪಕ್ಕೆಲುಬನ್ನು ಮುಟ್ಟಿ ನೀರಾಗಿ, ಗೋಡೆಯೊಳಗೇ ಇಳಿದು ಮತ್ತೆ ತುಕ್ಕು ತರುತ್ತವೆ. ಆದ್ದರಿಂದ ಪಕ್ಕೆಲುಬಿನ ಮೇಲೆ ಮರದ ಪಟ್ಟಿ ಕೂರಿಸಿ, ಅದರ ಮೇಲೆ ಒಳಗೋಡೆ ಹೊಡೆಯುತ್ತಾರೆ. ಛಾವಣಿಯಲ್ಲಿ ಗಾಳಿ ಹೊರಹಾಕುವ ಫ್ಯಾನು ಕಡ್ಡಾಯವೆಂದೇ ಹೇಳಬೇಕು. ಎರಡು ಮೂರು ಡಜನ್ ಕಿಟಕಿಗಳಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ತಗಡಿನಿಂದ ಮುಚ್ಚುವುದೂ ಶಾಖ ಸೋರದಿರಲೆಂದೇ.

ವಿದ್ಯುತ್, ನೀರು, ಒಲೆ

ಛಾವಣಿಯ ಸೋಲಾರ್ ಫಲಕಗಳು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ತುಂಬುತ್ತವೆ. ದೀಪ, ಫ್ಯಾನು, ಪಂಪು, ಫ್ರಿಜ್ಜು 12 ವೋಲ್ಟಿನಲ್ಲಿ ನೇರವಾಗಿ ಓಡುತ್ತವೆ. ಉಳಿದವಕ್ಕೆ ಇನ್ವರ್ಟರ್ 120 ವೋಲ್ಟ್ ಕೊಡುತ್ತದೆ. ಬಸ್ಸು ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್, ಕ್ಯಾಂಪ್ ಜಾಗದಲ್ಲಿ ನಿಂತಾಗ ಅಲ್ಲಿನ ಪ್ಲಗ್ ಕೂಡ ಬ್ಯಾಟರಿ ತುಂಬಬಲ್ಲವು. 12 ವೋಲ್ಟಿನ 200 ಆಂಪಿಯರ್ ಅವರ್ ಬ್ಯಾಟರಿಯೊಂದು ಹಿಡಿದಿಡುವುದು 2.4 ಯೂನಿಟ್. ಏಸಿ ಓಡಿಸುವವರು ಇಂಥ ಹಲವನ್ನು ಜೋಡಿಸಬೇಕಾಗುತ್ತದೆ.

ನೀರಿನ ಟ್ಯಾಂಕು ಸಾಮಾನ್ಯವಾಗಿ 150ರಿಂದ 400 ಲೀಟರ್. ಹಿಮ ಬೀಳುವ ಕಡೆ ಅದನ್ನು ಒಳಗಡೆಯೇ, ಮಂಚದ ಕೆಳಗೆ ಇಡುತ್ತಾರೆ. ಪಾತ್ರೆ ತೊಳೆದ ಮತ್ತು ಸ್ನಾನದ ನೀರಿಗೆ ಬೇರೆ ಟ್ಯಾಂಕು. ಶೌಚಕ್ಕೆ ಮೂತ್ರ ಮತ್ತು ಮಲವನ್ನು ಬೇರ್ಪಡಿಸುವ, ನೀರು ಬೇಡದ ಕಾಂಪೋಸ್ಟ್ ಶೌಚಪೀಠ ಜನಪ್ರಿಯ. ತೆಂಗಿನ ನಾರಿನ ಪುಡಿಯನ್ನು ಅದರಲ್ಲಿ ಹಾಸುತ್ತಾರೆ. ಅಡುಗೆ ಗ್ಯಾಸಿನಲ್ಲಿ, ಚಳಿ ಕಾಯಿಸಿಕೊಳ್ಳಲು ಡೀಸೆಲ್ ಹೀಟರ್ ಅಥವಾ ಪುಟ್ಟ ಸೌದೆ ಒಲೆ. ಮುಚ್ಚಿದ ಉಕ್ಕಿನ ಕೋಣೆಯಲ್ಲಿ ಬೆಂಕಿ ಉರಿಸುವಾಗ ಕಾರ್ಬನ್ ಮಾನಾಕ್ಸೈಡ್ ಸೂಚಕವಿಲ್ಲದಿದ್ದರೆ ಜೀವಕ್ಕೇ ಅಪಾಯ. ಹಿಂಬದಿಯ ತುರ್ತು ಬಾಗಿಲನ್ನು ಮಂಚ ಕಪಾಟುಗಳಿಂದ ಅಡ್ಡಗಟ್ಟದೆ ಬಿಡುವುದೂ ಅಷ್ಟೇ ಮುಖ್ಯ.

ಕಾನೂನು

ಅಮೆರಿಕದ ಕೇಂದ್ರ ನಿಯಮವು ಆರು ಸೌಕರ್ಯಗಳಲ್ಲಿ ಕನಿಷ್ಠ ನಾಲ್ಕಿದ್ದರೆ ವಾಹನವನ್ನು ಮೋಟಾರ್ ಹೋಮ್ ಎಂದು ಪರಿಗಣಿಸುತ್ತದೆ: ಅಡುಗೆ, ಫ್ರಿಜ್ಜು ಅಥವಾ ಮಂಜುಗಡ್ಡೆಯ ಪೆಟ್ಟಿಗೆ, ಸ್ವಯಂಪೂರ್ಣ ಶೌಚ, ಬಿಸಿ ಅಥವಾ ತಂಪುಗಾಳಿಯ ವ್ಯವಸ್ಥೆ, ನಲ್ಲಿ ಮತ್ತು ಸಿಂಕ್ ಸಹಿತ ಕುಡಿಯುವ ನೀರು, ಪ್ರತ್ಯೇಕ 110–125 ವೋಲ್ಟ್ ವಿದ್ಯುತ್ ಅಥವಾ ಗ್ಯಾಸ್. ಹಲವು ರಾಜ್ಯಗಳು ಇದೇ ಬಗೆಯ ಪಟ್ಟಿ ಇಟ್ಟುಕೊಂಡು ನೋಂದಣಿ ಬದಲಿಸುತ್ತವೆ. ಬೇರೆ ಬಳಕೆಗೆ ಹೋದ ಬಸ್ಸಿನ ಹಳದಿ ಬಣ್ಣ ಬದಲಾಗಬೇಕು, ‘ನಿಲ್ಲಿ’ ಫಲಕದ ಕೈಯನ್ನೂ ಮಿನುಗುವ ದೀಪಗಳನ್ನೂ ತೆಗೆಯಬೇಕೆಂಬುದು ಕೇಂದ್ರದ ಮಾರ್ಗಸೂಚಿ. ಮಕ್ಕಳು ಇಳಿಯುತ್ತಿದ್ದಾರೆಂದು ಇತರ ಚಾಲಕರು ತಪ್ಪು ತಿಳಿಯಬಾರದೆಂಬ ಕಾಳಜಿ ಇದರ ಹಿಂದಿದೆ. ಸ್ವಂತ ವಾಸದ ವಾಹನಕ್ಕೆ ವಾಣಿಜ್ಯ ಚಾಲನಾ ಪರವಾನಗಿ ಬಹುತೇಕ ಬೇಡ. ತೂಕ ಅಥವಾ ಉದ್ದ ಮಿತಿ ಮೀರಿದರೆ ಕೆಲವು ರಾಜ್ಯಗಳು ವಿಶೇಷ ಪರವಾನಗಿ ಕೇಳುತ್ತವೆ.

ವಿಮೆ ದೊರಕಿಸುವುದು ನೋಂದಣಿಗಿಂತ ಕಷ್ಟ. ಕೈಯಿಂದ ಕಟ್ಟಿದ ವಾಹನದ ಬೆಲೆ ಕಟ್ಟಲು ಹಲವು ವಿಮಾ ಕಂಪನಿಗಳು ಒಪ್ಪುವುದಿಲ್ಲ. ಪ್ರತಿ ಹಂತದ ಚಿತ್ರ, ರಸೀದಿಗಳನ್ನು ಜೋಪಾನ ಮಾಡಿದವರಿಗೆ ಅನುಕೂಲ ಹೆಚ್ಚು.

ವಾಸ ಮತ್ತು ಬಳಕೆ

ಬಾಡಿಗೆ ಮತ್ತು ಮನೆಸಾಲದ ಹೊರೆಯಿಂದ ಪಾರಾಗಲು ಬಸ್ಸಿಗೆ ಬಂದವರು, ಹೋದಲ್ಲೆಲ್ಲ ಕೆಲಸ ಒಯ್ಯಬಲ್ಲವರು, ನಿವೃತ್ತರು, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕುಟುಂಬಗಳು ಇದರಲ್ಲಿ ಪೂರ್ಣಕಾಲ ವಾಸಿಸುವವರಲ್ಲಿ ಮುಖ್ಯರು. ಸ್ವಾತಂತ್ರ್ಯಕ್ಕಾಗಿ ವಾಹನವಾಸಕ್ಕೆ ಒಲಿದವರೂ, ಬೇರೆ ದಾರಿಯಿಲ್ಲದೆ ಅದಕ್ಕೆ ಬಂದವರೂ ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತಿರುತ್ತಾರೆ. ಪತ್ರಕರ್ತೆ ಜೆಸಿಕಾ ಬ್ರೂಡರ್ 2017ರಲ್ಲಿ ಬರೆದ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ ಮತ್ತು ಅದನ್ನು ಆಧರಿಸಿ 2020ರಲ್ಲಿ ಬಂದ ಚಿತ್ರ ವಾಹನಗಳಲ್ಲಿ ಬಾಳುವ ಎರಡನೆಯ ಬಗೆಯ ಜನರತ್ತ ಗಮನ ಸೆಳೆದವು.

ಎಲ್ಲಿ ನಿಲ್ಲಿಸುವುದು ಎಂಬುದು ನಿತ್ಯದ ಪ್ರಶ್ನೆ. ಹಲವು ಊರುಗಳ ಕಟ್ಟಡ ನಿಯಮಗಳು ಚಕ್ರವಿರುವುದನ್ನು ಕಾಯಂ ಮನೆಯೆಂದು ಒಪ್ಪುವುದಿಲ್ಲ. ಸ್ವಂತ ಜಮೀನಿನಲ್ಲೂ ಅಡ್ಡಿ ಬರುತ್ತದೆ. ಹತ್ತು ವರ್ಷಕ್ಕಿಂತ ಹಳೆಯ ವಾಹನಗಳನ್ನು ಸೇರಿಸದ ಖಾಸಗಿ ಕ್ಯಾಂಪ್ ಜಾಗಗಳೂ ಇವೆ. ಪಶ್ಚಿಮದ ರಾಜ್ಯಗಳಲ್ಲಿ ಕೇಂದ್ರದ ಭೂ ನಿರ್ವಹಣಾ ಬ್ಯೂರೋದ ಬಯಲುಗಳಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಉಚಿತವಾಗಿ ತಂಗಬಹುದು. ಅರಿಜೋನಾದ ಕ್ವಾರ್ಟ್ಸೈಟ್ ಬಳಿ ಶುಲ್ಕ ತೆತ್ತು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಉಳಿಯುವ ಪ್ರದೇಶವಿದ್ದು, ಚಳಿಗಾಲದಲ್ಲಿ ಅಲ್ಲಿ ವಾಹನವಾಸಿಗಳ ದೊಡ್ಡ ಬೀಡೇ ನೆರೆಯುತ್ತದೆ. ಕಾನೂನಿನ ವಿಳಾಸಕ್ಕಾಗಿ ಅಂಚೆ ಸ್ವೀಕರಿಸಿ ಕಳುಹಿಸಿಕೊಡುವ ಸೇವೆಗಳಿರುವ ಸೌತ್ ಡಕೋಟಾ, ಟೆಕ್ಸಾಸ್, ಫ್ಲಾರಿಡಾ ರಾಜ್ಯಗಳನ್ನು ಹೆಚ್ಚಾಗಿ ಆರಿಸುತ್ತಾರೆ. ಈ ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ.

ಭಾರತದಲ್ಲಿ

ಸುಪ್ರೀಂ ಕೋರ್ಟು 1997ರಲ್ಲಿ ಕೊಟ್ಟ ನಿರ್ದೇಶನದ ಬಳಿಕ ಭಾರತದ ಶಾಲಾ ಬಸ್ಸುಗಳಿಗೂ ಹಳದಿ ಬಣ್ಣ ಬಂದಿದೆ. ಆದರೆ ಅವನ್ನು ಮನೆಯಾಗಿಸುವ ಪದ್ಧತಿ ಬೆಳೆದಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ವಾಸದ ವಾಹನಗಳಿಗೆ ಎಐಎಸ್ 124 ಎಂಬ ಪ್ರತ್ಯೇಕ ಮಾನದಂಡವಿದೆ. ಹಳೆಯ ಸಾರಿಗೆ ಬಸ್ಸುಗಳಿಗೆ ಸಂಸ್ಥೆಗಳೇ ಬೇರೆ ಬಳಕೆ ಕಂಡುಕೊಂಡ ಉದಾಹರಣೆಗಳುಂಟು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ 2020ರಲ್ಲಿ ಗುಜರಿಗೆ ಹೋಗಬೇಕಿದ್ದ ಬಸ್ಸೊಂದನ್ನು ‘ಸ್ತ್ರೀ ಶೌಚಾಲಯ’ವಾಗಿ ಮಾರ್ಪಡಿಸಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನಿಲ್ಲಿಸಿತು, ಮಗುವಿಗೆ ಹಾಲೂಡಿಸುವ ಜಾಗವೂ ಅದರೊಳಗಿತ್ತು. ಅದೇ ವರ್ಷ ಕೇರಳದ ಸಾರಿಗೆ ನಿಗಮ ಮುನ್ನಾರಿನಲ್ಲಿ ಪ್ರವಾಸಿಗರು ರಾತ್ರಿ ಮಲಗಲು ಬಂಕ್ ಹಾಸಿಗೆಯ ಬಸ್ಸುಗಳನ್ನು ಒದಗಿಸಿತು.

ಇಂದಿನ ಸ್ಥಿತಿ

ಅಮೆರಿಕದಲ್ಲಿ ಸುಮಾರು 4.8 ಲಕ್ಷ ಶಾಲಾ ಬಸ್ಸುಗಳು ಓಡುತ್ತಿದ್ದು, ಹನ್ನೆರಡರಿಂದ ಹದಿನೈದು ವರ್ಷಕ್ಕೆ ನಿವೃತ್ತವಾಗುತ್ತವೆ. ಹರಾಜಿನಲ್ಲಿ ಕೆಲವು ಸಾವಿರ ಡಾಲರಿಗೆ ಬಸ್ಸು ಸಿಗುತ್ತದೆ. ಮನೆಯಾಗಿಸುವ ಖರ್ಚು ಅದರ ಹಲವು ಪಟ್ಟು. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುವ ರೂಢಿ ಹಬ್ಬಿದಾಗ ಬೇಡಿಕೆ ಏರಿತು. ಹಣ ಪಡೆದು ಪರಿವರ್ತನೆ ಮಾಡಿಕೊಡುವ ಕಾರ್ಯಾಗಾರಗಳೂ ಇವೆ.

ಮುಂದಿನ ಬದಲಾವಣೆ ಬರುತ್ತಿರುವುದು ಡೀಸೆಲ್ ಎಂಜಿನ್ನಿನ ಕಡೆಯಿಂದ. 2021ರ ಮೂಲಸೌಕರ್ಯ ಕಾಯ್ದೆ ಸ್ವಚ್ಛ ಶಾಲಾ ಬಸ್ಸುಗಳಿಗಾಗಿ ಐದು ವರ್ಷಕ್ಕೆ 500 ಕೋಟಿ ಡಾಲರ್ ತೆಗೆದಿರಿಸಿತು. ಈ ನೆರವು ಪಡೆದು ವಿದ್ಯುತ್ ಬಸ್ಸು ಕೊಳ್ಳುವ ಶಾಲಾ ಜಿಲ್ಲೆಗಳು, ಅದಕ್ಕೆ ಬದಲಾಗಿ ಬಿಡುವ 2010 ಅಥವಾ ಅದಕ್ಕೂ ಹಿಂದಿನ ಮಾದರಿಯ ಡೀಸೆಲ್ ಬಸ್ಸನ್ನು ಹರಾಜಿಗೆ ಬಿಡದೆ ನಾಶಪಡಿಸಬೇಕೆಂಬ ಷರತ್ತಿದೆ. ಅಂಥ ಬಸ್ಸಿನ ಎಂಜಿನ್ ಬ್ಲಾಕಿನಲ್ಲಿ ಮೂರು ಇಂಚಿನ ತೂತು ಕೊರೆದು, ಚಾಸಿಯ ಎರಡೂ ತೊಲೆಗಳನ್ನು ಕತ್ತರಿಸಿ ಗುಜರಿಗೆ ಹಾಕುತ್ತಾರೆ.